ಸ್ಟೇಷನ್ನಿನಿಂದ ಕೋರ್ಟಿನವರೆಗೆ ಜೊತೆಗೆ ಯಾರು?

ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಅಪರಾಧಿಗೆ ಸರಿಯಾದ ಶಿಕ್ಷೆ ಆದರೆ ಸಾಕು. ನೊಂದವರಿಗೆ ಸಾಂತ್ವನ, ಸಮಾಲೋಚನೆ ಅಂತ ಕಚೇರಿ ತೆರೆಯುವುದು ದಂಡ. ನಮ್ಮ ಬೀದಿಯಲ್ಲಿ ಸರ ಕಿತ್ತವನು ಸಿಕ್ಕಿಬಿದ್ದ, ಸರವೂ ವಾಪಸ್ ಬಂತು. ಆದರೂ ಆ ಹೆಂಗಸು ಸಂಜೆ ಹೊರಗೆ ಬರುವುದಿಲ್ಲ. ಅದಕ್ಕೆ ಯಾರೇನು ಮಾಡೋಕಾಗುತ್ತೆ?’

ಮೇಷ್ಟ್ರೇ, ಶಿಕ್ಷೆ ಆಗಲೇಬೇಕು, ಒಪ್ಪಿದೆ. ಆದರೆ ನಿಮ್ಮ ವಾದಕ್ಕೆ ಉತ್ತರ ನಿಮ್ಮ ಪತ್ರದ ಕೊನೆಯಲ್ಲೇ ಇದೆಯಲ್ಲ! ಕಳ್ಳ ಸಿಕ್ಕಿದ್ದಾನೆ, ಭಯ ಹೋಗಿಲ್ಲ. ಇಷ್ಟು ಚೆನ್ನಾಗಿ ಕಂಡವರು ಹೀಗೆ ಕೈಚೆಲ್ಲಬಾರದಿತ್ತು.

ನಾಗಮಂಗಲದ ಕಡೆಯ ಒಬ್ಬ ತಾಯಿಯನ್ನು ನಾನು ಬಲ್ಲೆ. ಬದುವಿನ ಜಗಳದಲ್ಲಿ ಮಗನ ಕೈಗೆ ಮಚ್ಚಿನ ಏಟು ಬಿತ್ತು. ಬೆರಳು ಮಡಚಲು ಆಗುತ್ತಿರಲಿಲ್ಲ. ಪರಿಹಾರ ಸಿಗಬಹುದು ಅಂತ ಯಾರೋ ಬಸ್ಸಿನಲ್ಲಿ ಹೇಳಿದರಂತೆ. ಸ್ಟೇಷನ್ನಿನಲ್ಲಿ ಆಸ್ಪತ್ರೆ ಕಾಗದ ತನ್ನಿ ಅಂದರು. ಆಸ್ಪತ್ರೆಯಲ್ಲಿ, ಅದನ್ನು ಪೊಲೀಸರೇ ಕೇಳಬೇಕು ಅಂದರು. ವಾಯಿದೆಯ ದಿನ ಕೋರ್ಟಿಗೆ ಹೋದರೆ, ಹೊಡೆದವರ ಕಡೆಯವರು ಅದೇ ಬೆಂಚಿನ ಮೇಲೆ ಕೂತಿದ್ದರು. ಯಾರೂ ಸುಳ್ಳು ಹೇಳಲಿಲ್ಲ, ಬೈಯಲೂ ಇಲ್ಲ. ಅವರವರ ಕೆಲಸ ಅವರವರು ಮಾಡಿದರು. ಆಕೆ ಮಾತ್ರ ಒಬ್ಬಳೇ ಓಡಾಡಿದಳು.

ಕಾನೂನಿಗೆ ಬರವಿಲ್ಲ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಅಪರಾಧ ನ್ಯಾಯ ಸುಧಾರಣಾ ಸಮಿತಿ 2003ರಲ್ಲೇ ನೊಂದವರ ಹಕ್ಕಿನ ಬಗ್ಗೆ ಗಟ್ಟಿಯಾಗಿ ಬರೆಯಿತು. ಆಮೇಲೆ ದಂಡ ಪ್ರಕ್ರಿಯಾ ಸಂಹಿತೆಗೆ, ನೊಂದವರಿಗೆ ಪರಿಹಾರ ಕೊಡಿಸುವ 357ಎ ಕಲಂ ಬಂತು. ಈಗ ಅದು, ಆ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕಬಹುದು. ಅವರು ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು 90 ದಿನದೊಳಗೆ ತಿಳಿಸಬೇಕು. ದೌರ್ಜನ್ಯಕ್ಕೆ ಸಿಕ್ಕಿದ ಹೆಂಗಸರಿಗೆ ನೆರವಿನ ಸಖಿ ಕೇಂದ್ರ, 181 ಸಹಾಯವಾಣಿ ಇವೆ. ಇಷ್ಟೆಲ್ಲ ಇದ್ದೂ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಕರೆದುಕೊಂಡು ಹೋಗುವವರು ಇಲ್ಲ. ನಾನು ಕೇಳುತ್ತಿರುವುದು ಹೊಸ ಕಟ್ಟಡವಲ್ಲ, ಆ ಒಬ್ಬ ಮನುಷ್ಯ.

ಮಕ್ಕಳ ವಿಷಯದಲ್ಲಿ ನಮಗೆ ಈ ಬುದ್ಧಿ ಬಂದಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ, ತನಿಖೆಯಿಂದ ವಿಚಾರಣೆಯವರೆಗೂ ಮಗುವಿನ ಜೊತೆಗಿರಲು ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಸಹಾಯಕರನ್ನು ಕೊಡಬಹುದು. ಮೈಸೂರಿನ ಒಡನಾಡಿ ಸಂಸ್ಥೆಯವರನ್ನೇ ನೋಡಿ. ಮಾನವ ಸಾಗಾಣಿಕೆಗೆ ಸಿಕ್ಕಿದ ಹೆಣ್ಣುಮಕ್ಕಳನ್ನು ಬಿಡಿಸಿ ತಂದು ಅಲ್ಲಿಗೇ ಬಿಡುವುದಿಲ್ಲ, ಆಸರೆ ಕೊಟ್ಟು ಓದಿಸುತ್ತಾರೆ. ಮಚ್ಚಿನ ಏಟು ತಿಂದ ರೈತನ ಮಗನಿಗೆ ಇಂಥ ಜೊತೆ ಬೇಡವಾ?

ಎಫ್‌ಐಆರ್ ಪ್ರತಿಯನ್ನು ಹೇಗೂ ಪುಕ್ಕಟೆ ಕೊಡಬೇಕು. ಅದರ ಹಿಂದೆ, ಹೀಗೆ ಜೊತೆಗೆ ಬರುವ ಒಬ್ಬರ ಹೆಸರು, ಫೋನ್ ನಂಬರ್ ಇರಲಿ. ಪೊಲೀಸರು, ಡಾಕ್ಟರು, ಸರ್ಕಾರಿ ವಕೀಲರು, ಕಾನೂನು ಸೇವೆಯವರು ತಿಂಗಳಿಗೊಮ್ಮೆ ಕೂತು, ಯಾವ ಅರ್ಜಿ ಎಲ್ಲಿ ನಿಂತಿದೆ ಅಂತ ಹೆಸರು ಹಿಡಿದು ನೋಡಲಿ. ಸಿಬ್ಬಂದಿ ಕಡಿಮೆ ಅಂತಾರೆ, ನಿಜ. ಆದರೆ ಉದ್ಘಾಟನೆಗೆ ಶಾಮಿಯಾನ ಹಾಕಲು ಯಾವತ್ತೂ ಜನ ಕಡಿಮೆ ಬಿದ್ದಿಲ್ಲ! ನಮ್ಮ ಪತ್ರಿಕೆಗಳೂ ಟಿವಿಗಳೂ ಏನು ಕಡಿಮೆ? ಹೆಣದ ಮುಂದೆ ಅಳುವ ತಾಯಿಯ ಬಾಯಿಗೆ ಮೈಕ್ ಹಿಡಿಯುತ್ತೇವೆ. ಆರು ತಿಂಗಳಾದ ಮೇಲೆ ಆಕೆಯ ಮನೆ ಎಲ್ಲಿ ಅಂತಲೂ ನೆನಪಿರುವುದಿಲ್ಲ.

ಮೇಷ್ಟ್ರೇ, ನಿಮ್ಮ ಶಿಷ್ಯರು ಸ್ಟೇಷನ್ನಿನಲ್ಲೂ ಆಸ್ಪತ್ರೆಯಲ್ಲೂ ಕೋರ್ಟಿನಲ್ಲೂ ಇದ್ದೇ ಇರುತ್ತಾರೆ. ಕಾನೂನು ಸೇವೆಯ ಸಹಾಯವಾಣಿ 15100. ಮುಂದಿನ ಸಲ ನಿಮ್ಮ ಬೀದಿಯಲ್ಲಿ ಯಾರಿಗಾದರೂ ಏಟು ಬಿದ್ದರೆ, ಅರ್ಜಿ ಬರೆದುಕೊಡಿ, ಜೊತೆಗೂ ಹೋಗಿ. ಎಲ್ಲಿ ತಡೆದರು, ಏನು ಹೇಳಿದರು ಅಂತ ನಮಗೆ ಬರೆಯಿರಿ. ಅಚ್ಚು ಹಾಕುತ್ತೇವೆ.

— ಸಂಪಾದಕ