ಮೊದಲು ಫ್ರಿಜ್ ನೋಡಿ, ಎಸಿ ಆಮೇಲೆ

ಮೈಸೂರಿನ ಕುವೆಂಪುನಗರದಲ್ಲಿ ದಿನಸಿ ಅಂಗಡಿ ನಡೆಸುವ ಓದುಗರೊಬ್ಬರು ಕೇಳಿದ್ದಾರೆ: 'ಎದುರು ಮನೆಯವರೂ ಈಗ ಮೊಬೈಲಿನಲ್ಲೇ ಸಾಮಾನು ತರಿಸುತ್ತಾರೆ. ಮೂರು ಲಕ್ಷ ಸಾಲ ಮಾಡಿ ಎಸಿ, ಗಾಜಿನ ಬಾಗಿಲು ಹಾಕಿಸಲೇ? ತೆರಿಗೆ ನೋಟಿಸಿಗೆ ಹೆದರಿ ಯುಪಿಐ ತೆಗೆದುಬಿಡಲೇ?'

ಪ್ರಿಯ ಓದುಗರೇ,

ಎರಡೂ ಬೇಡ. ಆ್ಯಪ್‌ನವರ ಸರಕು ಬರುವುದು ಗಿರಾಕಿ ಕಾಲೇ ಇಡದ ಗೋದಾಮಿನಿಂದ. ಕೇಳಿದ್ದು ಇರುತ್ತದೆ, ತಾಜಾ ಇರುತ್ತದೆ, ಹೇಳಿದ ಹೊತ್ತಿಗೆ ಬರುತ್ತದೆ ಎಂಬ ನಂಬಿಕೆಯಿಂದ ಜನ ಅಲ್ಲಿ ತರಿಸುತ್ತಾರೆ. ನಿಮ್ಮ ದುಡ್ಡೂ ಆ ಮೂರಕ್ಕೇ ಹೋಗಲಿ.

ಹಾಲಿನ ಫ್ರಿಜ್‌ನಿಂದ ಶುರು ಮಾಡಿ. ಕರೆಂಟ್ ಬಿಲ್ ಉಳಿಸಲು ರಾತ್ರಿ ಮೇನ್ ಸ್ವಿಚ್ ಆರಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಮೊಸರು ಹುಳಿಯಾಗುವುದು, ಇಡ್ಲಿ ಹಿಟ್ಟಿನ ಪ್ಯಾಕೆಟ್ ಉಬ್ಬುವುದು, ಐಸ್‌ಕ್ರೀಮ್ ಕರಗಿ ಮತ್ತೆ ಗಟ್ಟಿಯಾಗಿ ಮಂಜಿನ ಹರಳು ನಾಲಿಗೆಗೆ ಸಿಗುವುದು ಇದರಿಂದಲೇ. ನಡುವಿನ ತಟ್ಟೆಯಲ್ಲಿ ನೀರು ತುಂಬಿದ ಲೋಟ ಇಟ್ಟು, ಅದರಲ್ಲೊಂದು ಥರ್ಮಾಮೀಟರ್ ಬಿಡಿ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ನೋಡಿದರೆ 5 ಡಿಗ್ರಿ ಒಳಗಿರಬೇಕು. ಜಾಸ್ತಿಯಿದ್ದರೆ ಬಾಗಿಲ ಸಂದಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ. ಬಿಗಿಯಾಗಿದ್ದರೆ ಹಿಂದಿನ ಜಾಲರಿಯ ದೂಳು ಗುಡಿಸಿ, ಗೋಡೆಗೆ ಒಂದು ಗೇಣು ಜಾಗ ಬಿಡಿ. ಒಳಗಿನ ಫ್ಯಾನಿಗೆ ಅಡ್ಡವಾಗಿ ಹಾಲಿನ ಪ್ಯಾಕೆಟ್ ಒಟ್ಟಿದರೂ ತಂಪು ಹರಡುವುದಿಲ್ಲ. ತಂಪಾಗಿ ಇಟ್ಟಿದ್ದೀವಿ ಅಂತ ಎಂಆರ್‌ಪಿ ಮೇಲೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ.

ಹೊಸ ಸರಕು ಹಿಂದಕ್ಕೆ, ಹಳೆಯದು ಮುಂದಕ್ಕೆ ಅನ್ನುವುದು ನಿಮಗೆ ಗೊತ್ತಿರುವುದೇ. ಅದರ ಜೊತೆಗೆ ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಡಿ. ಗಿರಾಕಿ ಕೇಳಿ ನೀವು 'ಇಲ್ಲ' ಅಂದದ್ದನ್ನೆಲ್ಲ ಬರೆಯಿರಿ. ವಾರದಲ್ಲಿ ಮೂರು ಸಲ ಬಂದ ಹೆಸರನ್ನು ತರಿಸಿ, ಮೊದಲ ಸಲ ಅರ್ಧ ಡಜನ್ ಮಾತ್ರ. ನಿಮ್ಮ ಬೀದಿಗೆ ಏನು ಬೇಕೆಂದು ಇದಕ್ಕಿಂತ ಚೆನ್ನಾಗಿ ಯಾವ ಸೇಲ್ಸ್‌ಮನ್ನೂ ಹೇಳಲಾರ.

ಮನೆಗೆ ತಲುಪಿಸುವುದಕ್ಕೆ ವಾಟ್ಸ್‌ಆ್ಯಪ್ ಸಾಕು. ಬೆಳಿಗ್ಗೆ 11ಕ್ಕೆ, ಸಂಜೆ 6ಕ್ಕೆ, ದಿನಕ್ಕೆ ಎರಡೇ ಸುತ್ತು. ಚೀಟಿ ಬಂದ ಕೂಡಲೇ ಏನಿದೆ, ಏನಿಲ್ಲ, ಒಟ್ಟು ಎಷ್ಟು ಅಂತ ಬರೆದು, ಗಿರಾಕಿ 'ಸರಿ' ಅಂದ ಮೇಲೆ ಕಟ್ಟಿ. ಕೇಳದೆ ಬೇರೆ ಬ್ರ್ಯಾಂಡ್ ಹಾಕಿ ಕಳಿಸಿದರೆ ಸಾಮಾನು ವಾಪಸ್ ಬರುತ್ತದೆ, ಗಿರಾಕಿಯೂ ಕೈಬಿಡುತ್ತಾರೆ.

ಇನ್ನು ಯುಪಿಐ. 2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು 'ನಗದು ಮಾತ್ರ' ಎಂದು ಬೋರ್ಡ್ ಹಾಕಿದವು. ಅವರ ಭಯ ಅರ್ಥವಾಗುತ್ತದೆ, ಆದರೆ ದಾರಿ ಅದಲ್ಲ. ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆ ಲೆಕ್ಕಕ್ಕೆ ನಗದೂ ಸೇರುತ್ತದೆ, ತೆರಿಗೆಯಿಲ್ಲದ ಹಾಲು, ತರಕಾರಿಯೂ ಸೇರುತ್ತದೆ. ದಿನಕ್ಕೆ ಸುಮಾರು 11 ಸಾವಿರ ವ್ಯಾಪಾರವಾದರೆ ನೀವು ಗಡಿಯಲ್ಲಿದ್ದೀರಿ. ದಾಟಿದ್ದರೆ, 1.5 ಕೋಟಿವರೆಗೆ ರಾಜಿ ತೆರಿಗೆ ಪದ್ಧತಿಯಿದೆ: ತೆರಿಗೆ ಬೀಳುವ ಸರಕಿನ ಮಾರಾಟದ ಮೇಲೆ ಶೇ. 1, ಮೂರು ತಿಂಗಳಿಗೊಮ್ಮೆ ಕಟ್ಟುವುದು. ಅದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ನೀವು ಖರೀದಿಗೆ ಕೊಟ್ಟ ತೆರಿಗೆಯೂ ವಾಪಸ್ ಸಿಗುವುದಿಲ್ಲ.

ತೊಂದರೆ ಹೆಚ್ಚಾಗಿ ಶುರುವಾಗುವುದು ಮನೆಯ ದುಡ್ಡು, ಅಂಗಡಿ ದುಡ್ಡು ಒಂದೇ ಖಾತೆಗೆ ಬೀಳುವುದರಿಂದ. ಮಗ ಕಳಿಸಿದ್ದು, ನೆಂಟರು ವಾಪಸ್ ಕೊಟ್ಟ ಕೈಸಾಲ, ಎಲ್ಲವೂ ವ್ಯಾಪಾರದಂತೆ ಕಾಣುತ್ತದೆ. ಅಂಗಡಿಗೆ ಬೇರೆ ಚಾಲ್ತಿ ಖಾತೆ ತೆರೆದು, ಕ್ಯೂಆರ್ ಸ್ಟಿಕ್ಕರನ್ನು ಅದಕ್ಕೇ ಜೋಡಿಸಿ. ಏಪ್ರಿಲ್‌ನಿಂದ ಈಚಿನ ಖರೀದಿ ಬಿಲ್ಲುಗಳನ್ನು ತಿಂಗಳವಾರು ಕಟ್ಟಿಕೊಂಡು ಈ ವಾರವೇ ಲೆಕ್ಕಪರಿಶೋಧಕರನ್ನು ಕಾಣಿ.

– ಸಂಪಾದಕ