ನಿಮ್ಮ ತಜ್ಞೆ ಮರೆತಿರುವುದು ಬೇಡ, ಮುಚ್ಚಿಟ್ಟಿರಲಿ

ನಿಮ್ಮ ಕಥೆಯ ಕರಡಿನ ಮೂರೂ ಅಧ್ಯಾಯಗಳನ್ನು ಎರಡು ಸಲ ಓದಿದೆ. ತೋಪಿನಲ್ಲಿ ಅಗೆಯುವಾಗ ಅಸ್ಥಿಪಂಜರ ಸಿಗುತ್ತದೆ. ವಿಧಿವಿಜ್ಞಾನ ತಜ್ಞೆ ಆ ತಲೆಬುರುಡೆಯನ್ನು ಮುಟ್ಟುತ್ತಿದ್ದಂತೆ, ಹನ್ನೊಂದನೆಯ ವಯಸ್ಸಿನಲ್ಲಿ ಕಂಡು ಮರೆತಿದ್ದ ಕೊಲೆ ಪೂರ್ತಿ ನೆನಪಾಗುತ್ತದೆ. ಇದು ನಂಬುವಂತಿದೆಯೇ ಎಂದು ಕೇಳಿದ್ದೀರಿ. ಅಗೆತದ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ನೆನಪನ್ನು ನಾನು ನಂಬಲಿಲ್ಲ.

ನೆನಪು ಹಾಗೆ ಇಡಿಯಾಗಿ ಎದ್ದು ಬರುವುದು ಅನುಮಾನ. 1974ರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕೆಲವರಿಗೆ ಕಾರು ಅಪಘಾತದ ತುಣುಕು ತೋರಿಸಿದರು. ಕಾರುಗಳು 'ತಾಗಿದಾಗ' ಎಂಬುದರ ಬದಲು 'ಅಪ್ಪಳಿಸಿದಾಗ' ಎಂಬರ್ಥದ ಪದ ಬಳಸಿ ಪ್ರಶ್ನೆ ಕೇಳಿದ್ದಕ್ಕೇ, ವಾರದ ನಂತರ ಹೆಚ್ಚು ಜನ ಒಡೆದ ಗಾಜನ್ನು ಕಂಡೆವು ಎಂದರು. ತುಣುಕಿನಲ್ಲಿ ಗಾಜು ಒಡೆದಿರಲೇ ಇಲ್ಲ. ಭೀಕರವಾದುದನ್ನು ಕಂಡವರಲ್ಲಿ ಹಲವರ ಸಂಕಟ ಬೇರೆಯೇ: ಅವರಿಗೆ ಅದನ್ನು ಮರೆಯಲಾಗುವುದಿಲ್ಲ. ಆದ್ದರಿಂದ ನಿಮ್ಮ ತಜ್ಞೆಗೆ ಎಲ್ಲವೂ ಗೊತ್ತಿರಲಿ; ಯಾರಿಗೂ ಹೇಳದೆ ಬದುಕಿದವಳಾಗಿರಲಿ. ಪ್ರಕರಣ ತನ್ನ ಬಾಲ್ಯದ್ದೆಂದು ತಿಳಿದೊಡನೆ ಅವಳು ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ಕಥೆಯ ಬೆನ್ನೆಲುಬು ಅಲ್ಲಿದೆ.

ಗತಕಾಲವನ್ನು ಹೊರಗೆಡಹಲು ಅವಳ ಕಸುಬೇ ಸಾಕು. ಎಷ್ಟೋ ಪ್ರಯೋಗಾಲಯಗಳು ತಮ್ಮ ಸಿಬ್ಬಂದಿಯ ಡಿಎನ್‌ಎ ವಿವರವನ್ನು ದಾಖಲಿಸಿಟ್ಟಿರುತ್ತವೆ. ಸಾಕ್ಷ್ಯದಲ್ಲಿ ಅದು ಕಂಡರೆ ಪರೀಕ್ಷಿಸುವವರಿಂದಲೇ ಬೆರೆತದ್ದೆಂದು ಮೊದಲು ಶಂಕಿಸುತ್ತಾರೆ. ಶಂಕೆಗೆ ಕಾರಣವೂ ಇದೆ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಅಪರಾಧ ಸ್ಥಳಗಳಲ್ಲಿ ಒಬ್ಬಳೇ ಅಪರಿಚಿತ ಮಹಿಳೆಯ ಡಿಎನ್‌ಎ ಸಿಕ್ಕಿತ್ತು. ಮಾದರಿ ತೆಗೆಯಲು ಬಳಸಿದ ಹತ್ತಿಯ ಕಡ್ಡಿಗಳಿಗೆ ಕಾರ್ಖಾನೆಯ ಕೆಲಸಗಾರ್ತಿಯಿಂದ ಅದು ಅಂಟಿತ್ತೆಂದು 2009ರಲ್ಲಿ ಬಯಲಾಯಿತು.

ಇದನ್ನೇ ತಿರುಗಿಸಿ ನೋಡಿ. ಆ ಕೊಲೆಯ ಹಳೆಯ ಕಡತದಲ್ಲಿ ಒಂದು ಅನಾಮಧೇಯ ಪತ್ರವಿದೆ ಎಂದುಕೊಳ್ಳಿ. ಅದರ ಅಂಚೆಚೀಟಿಯನ್ನು ನಾಲಿಗೆಯಿಂದ ಒದ್ದೆಮಾಡಿ ಅಂಟಿಸಿದವಳು ಆಗ ಹುಡುಗಿಯಾಗಿದ್ದ ನಿಮ್ಮ ತಜ್ಞೆ, ಮಾಡಿಸಿದವರು ಅವಳ ಮನೆಯವರು. ಒಣಗಿದ ಸ್ಥಿತಿಯಲ್ಲಿ ಜೋಪಾನವಾಗಿದ್ದರೆ ಅಂಟಿನಡಿಯ ಎಂಜಲಿನಿಂದ ವರ್ಷಗಳ ನಂತರವೂ ಡಿಎನ್‌ಎ ಸಿಗುವುದುಂಟು. ಫಲಿತಾಂಶ ಅವಳಿಗೇ ಹೊಂದುತ್ತದೆ. ಸಹೋದ್ಯೋಗಿ, "ನಿಮ್ಮದೇ ಬೆರೆತಿದೆ, ಇನ್ನೊಮ್ಮೆ ಮಾಡೋಣ" ಎನ್ನುತ್ತಾನೆ. ಅವಳು ಸುಮ್ಮನಿದ್ದರೆ ಸಾಕು, ಸತ್ಯ ಕೈತಪ್ಪಿನಂತೆ ದಾಖಲಾಗುತ್ತದೆ. ಇದನ್ನು ಬರೆಯುತ್ತಿರುವಾಗಲೇ ನನಗೆ ಎದೆ ಬಿಗಿಯುತ್ತಿದೆ.

ಅವಳ ತೀರ್ಪು ಹೇಗೆ ವಾಲುತ್ತದೆ ಎಂದು ತೋರಿಸಲು ಸಂಶೋಧಕ ಇಟಿಯಲ್ ಡ್ರೋರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿರಲಿ. ಐವರು ಬೆರಳಚ್ಚು ತಜ್ಞರಿಗೆ ಹಿಂದೆ ಅವರೇ ಹೊಂದುತ್ತವೆ ಎಂದಿದ್ದ ಗುರುತುಗಳನ್ನು ಕೊಟ್ಟು, ಇವು ತಪ್ಪಾಗಿ ಹೊಂದಿಸಿದ ಕುಖ್ಯಾತ ಪ್ರಕರಣದವು ಎಂದು ನಂಬಿಸಿದಾಗ, ನಾಲ್ವರು ಹಳೆಯ ತೀರ್ಮಾನಕ್ಕೆ ನಿಲ್ಲಲಿಲ್ಲ. ಮೋಸಗಾರರಲ್ಲದವರಿಗೇ ಹೀಗಾದರೆ, ಭಯಪಟ್ಟವಳ ಗತಿ?

ಸಣ್ಣ ತಿದ್ದುಪಡಿಗಳು: ಬರೀ ಎಲುಬುಗಳಿಂದ ಸಾವಿನ ದಿನಾಂಕ ಹೇಳಿಸಬೇಡಿ. ಪಕ್ಕೆಲುಬುಗಳ ನಡುವೆ ಬೆಳೆದ ಮರದ ಬೇರಿನ ಉಂಗುರಗಳಿಂದ 'ಕನಿಷ್ಠ ಇಷ್ಟು ವರ್ಷ' ಎಂದು ಅಂದಾಜಿಸುವುದುಂಟು. ನಿಮ್ಮ ತೋಪಿಗೆ ಅದು ಒಪ್ಪುತ್ತದೆ. ಎಲುಬು, ಡಿಎನ್‌ಎ, ರಾಸಾಯನಿಕ ಎಲ್ಲವನ್ನೂ ಒಬ್ಬಳೇ ಪರೀಕ್ಷಿಸುವಂತೆಯೂ ಬರೆಯಬೇಡಿ. ಅವಳು ಡಿಎನ್‌ಎ ವಿಭಾಗದವಳಾಗಿದ್ದರೆ ಸಾಕು, ಎಲುಬು ಬೇರೆಯವರ ಮೇಜಿನಲ್ಲಿರಲಿ.

ಮೂರನೆಯ ಅಧ್ಯಾಯವನ್ನು ಆ ಮರುಪರೀಕ್ಷೆಯ ಸಂಜೆಯಿಂದ ಬರೆದು ಕಳುಹಿಸಿ, ಖಂಡಿತ ಓದುತ್ತೇನೆ.