ಉತ್ತರ: ಒಂದೇ ಬೆರಳಿನ ಆಟ, ಕಿವಿ ಮಾತ್ರ ಚುರುಕಾಗಿರಬೇಕು

ಸಂಗೀತದ ಲಯಕ್ಕೆ ಸರಿಯಾಗಿ ತಟ್ಟುತ್ತಾ ಆಡುವ ವಿಡಿಯೊ ಗೇಮ್ ‘ಎ ಡ್ಯಾನ್ಸ್ ಆಫ್ ಫೈರ್ ಅಂಡ್ ಐಸ್’ ಹೊಸಬರಿಗೆ ಒಗ್ಗುತ್ತದೆಯೇ, ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಆಡಬಹುದೇ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಬ್ಲೂಟೂತ್‌ನಲ್ಲಿ ಸದ್ದು ತುಸು ತಡವಾಗಿ ಕಿವಿಗೆ ಬೀಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸರಿದೂಗಿಸಬಹುದು, ಆದರೂ ತಂತಿಯದೇ ವಾಸಿ.

ಆಟದ ಹೆಚ್ಚುಗಾರಿಕೆಯೆಲ್ಲ ಅದರ ಹಾದಿಯಲ್ಲಿದೆ. ಕೆಂಪು, ನೀಲಿ ಗ್ರಹಗಳೆರಡು ಒಂದನ್ನೊಂದು ಸುತ್ತುತ್ತಾ ಸಾಗುತ್ತವೆ. ಯಾವಾಗ ತಟ್ಟಬೇಕೆಂಬುದನ್ನು ತಿರುವಿನ ಕೋನವೇ ಹೇಳುತ್ತದೆ. ನೇರ ಹಾದಿಯಲ್ಲಿ ಅರ್ಧ ಸುತ್ತಿಗೆ ತಾಳದ ಒಂದು ಪೆಟ್ಟು (ಬೀಟ್). ಲಂಬಕೋನದ ತಿರುವು ಬಂದರೆ, ಅದು ಯಾವ ಕಡೆಗೆ ಎಂಬುದರ ಮೇಲೆ, ಅರ್ಧ ಪೆಟ್ಟಿಗೆ ಅಥವಾ ಒಂದೂವರೆ ಪೆಟ್ಟಿಗೆ ತಟ್ಟಬೇಕು. ಲಯವನ್ನು ಕಣ್ಣಿಗೆ ಕಾಣಿಸುವ ಇಷ್ಟು ಚೊಕ್ಕ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊರತೆಯೆಂದರೆ ನಿಷ್ಠುರತೆ. ಒಮ್ಮೆ ಎಡವಿದರೆ ಸಾಮಾನ್ಯವಾಗಿ ಮತ್ತೆ ಮೊದಲಿನಿಂದಲೇ. ಹೊಸಬರಿಗೆ ಸಿಟ್ಟು ಬರುವುದು ಸಹಜ (ಹಳಬರಿಗೂ!). ಆಟದ ಪ್ರತಿ ‘ಲೋಕ’ದ (ಘಟ್ಟದ) ಚಿಕ್ಕ ಅಭ್ಯಾಸ ಹಂತಗಳನ್ನು ಹಾರಿಸದೆ ಆಡಿ.